ಪದಚರ್ಚೆ: ‘ನರ’, ‘ಲಕ್ವ’, ‘ತಲೆಸುತ್ತು’ – ಒಂದು ಗೋಡೆಚಿತ್ರಕ್ಕೆ ಬೇಕಾದ ಮಾತುಗಳು

ಎಲ್ಲರಿಗೂ ನಮಸ್ಕಾರ.

ಮಿದುಳು ಮತ್ತು ಅದರಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳ ಕುರಿತು ನಾವು ಕೆಲವರು ಸೇರಿ ಕನ್ನಡದಲ್ಲಿ ಒಂದು ಗೋಡೆಚಿತ್ರ ಮಾಡುತ್ತಿದ್ದೇವೆ. ಮಡಿಕೇರಿ, ಸಿದ್ದಾಪುರ, ವಿರಾಜಪೇಟೆ ಕಡೆಯ ಆಶಾ ಕಾರ್ಯಕರ್ತೆಯರಿಗೆ, ಕಾಫಿ ತೋಟದ ಲೈನ್‌ಮನೆಗಳಿಗೆ ಹೋಗಿಬರುವ ಸಿಸ್ಟರುಗಳಿಗೆ ಅದು ಉಪಯೋಗಕ್ಕೆ ಬರಬೇಕು. ಚಿತ್ರ ಬರೆದಾಯಿತು. ಹೆಸರು ಬರೆಯುವಾಗ ಕೆಲವು ಮಾತುಗಳು ಕಾಲಿಗೆ ತೊಡರುತ್ತಿವೆ. ಬಲ್ಲವರು ದಯವಿಟ್ಟು ನೋಡಿ.

ಮೊದಲನೆಯದು ‘ನರ’. ಡ್ರಿಪ್ ಹಾಕಲು ಬಂದ ಸಿಸ್ಟರ್ ಮುಂಗೈ ತಟ್ಟಿ ತಟ್ಟಿ ‘ನರ ಸಿಕ್ತಾ ಇಲ್ಲ’ ಅನ್ನುತ್ತಾರೆ. ಅವರು ಹುಡುಕುತ್ತಿರುವುದು ರಕ್ತನಾಳ. ದಿನವಿಡೀ ನಿಂತು ಕೆಲಸ ಮಾಡಿದವರು ‘ಕಾಲಿನ ನರ ಉಬ್ಬಿದೆ’ ಅಂದರೆ ಅದೂ ರಕ್ತನಾಳವೇ. ಮೂಟೆ ಹೊತ್ತವರು ‘ಕುತ್ತಿಗೆ ನರ ಹಿಡಕೊಂಡಿದೆ’ ಅಂದಾಗ ಹೆಚ್ಚಿನ ಸಲ ಅದು ಸ್ನಾಯುವಿನ ನೋವು. ‘ನರದ ಡಾಕ್ಟರಿಗೆ ತೋರಿಸಿ’ ಅನ್ನುವಾಗ ಮಾತ್ರ ನಾವು ಪುಸ್ತಕದ ಅರ್ಥಕ್ಕೆ ಬರುತ್ತೇವೆ. ನಮ್ಮ ತೋಟಗಳಲ್ಲಿ ಮಲಯಾಳ, ತಮಿಳು ಆಡುವವರು ತುಂಬ ಮಂದಿ. ಅವರ ‘ಞರಂಬ್’, ‘ನರಂಬು’ ಕೂಡ ಇದೇ ರೀತಿ ನಾಲ್ಕೂ ಕಡೆ ಹೋಗುತ್ತವೆ.

ಇದನ್ನು ಜನರ ಅಜ್ಞಾನ ಅನ್ನುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಗ್ರೀಕರ ‘ನ್ಯೂರಾನ್’ ಪದಕ್ಕೂ ಮೊದಲಿಗೆ ಇದ್ದ ಅರ್ಥ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಕ್ರಿ.ಪೂ. 3ನೇ ಶತಮಾನದ ಹೊತ್ತಿಗೆ ಅಲೆಕ್ಸಾಂಡ್ರಿಯದ ಹೆರೋಫಿಲಸ್ ಶವಗಳನ್ನು ಕೊಯ್ದು ನೋಡಿ, ರಕ್ತ ಹರಿಯುವ ನಾಳ ಬೇರೆ, ಅರಿವನ್ನೂ ಚಲನೆಯನ್ನೂ ಸಾಗಿಸುವ ನರ ಬೇರೆ ಎಂದು ತೋರಿಸಿದ ಮೇಲೆಯೇ ಅಲ್ಲಿಯೂ ಅರ್ಥ ಕವಲೊಡೆದದ್ದು. ಚರ್ಮದ ಮೇಲಿಂದ ಮುಟ್ಟಿದರೆ ಎಲ್ಲವೂ ಉದ್ದನೆಯ ಎಳೆಗಳೇ.

ಬದಲಿಗೆ ಬಂದ ಸಲಹೆಗಳು ಎರಡು. ‘ನಾಡಿ’ ಆಗದು, ನಾಡಿ ಹಿಡಿದು ನೋಡುವುದು ರೂಢಿಯಲ್ಲಿ ಗಟ್ಟಿಯಾಗಿ ಕೂತಿದೆ. ಹಳೆಯ ಪುಸ್ತಕಗಳ ‘ಜ್ಞಾನತಂತು’ ಕೇಳಲು ಚೆನ್ನ, ಆದರೆ ಮೂರು, ನಾಲ್ಕು, ಆರನೆಯ ನರಗಳ ಮುಖ್ಯ ಕೆಲಸ ಕಣ್ಣುಗುಡ್ಡೆಯನ್ನು ಹೊರಳಿಸುವುದು. ಹನ್ನೊಂದನೆಯದು ಕುತ್ತಿಗೆ ತಿರುಗಿಸಿ ಭುಜ ಎತ್ತಿಸುತ್ತದೆ. ಹನ್ನೆರಡನೆಯದು ನಾಲಗೆಯನ್ನು ಆಡಿಸುತ್ತದೆ. ಇವುಗಳಿಗೆ ‘ಜ್ಞಾನ’ ಹೊಂದುವುದಿಲ್ಲ. ಹಾಗಾಗಿ ‘ನರ’ವನ್ನೇ ಉಳಿಸಿಕೊಂಡು, ರಕ್ತದ್ದನ್ನು ಎಲ್ಲೆಲ್ಲೂ ತಪ್ಪದೆ ‘ರಕ್ತನಾಳ’ ಎಂದು ಬರೆಯೋಣ ಅನ್ನುವುದು ನನ್ನ ಅಭಿಪ್ರಾಯ.

ನಿಜವಾದ ತೊಡಕು ‘ಲಕ್ವ’ದಲ್ಲಿದೆ. ಬೆಳಿಗ್ಗೆ ಎದ್ದವರ ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಕಾಫಿ ಕುಡಿದರೆ ಕಟಬಾಯಿಂದ ಸೋರುತ್ತದೆ. ನೋಡಿದವರು ‘ಲಕ್ವ ಹೊಡೆದಿದೆ’ ಅನ್ನುತ್ತಾರೆ. ಕೈಕಾಲು ಬಿದ್ದುಹೋಗಿ, ಮಾತು ತೊದಲಿದರೂ ಲಕ್ವವೇ. ಮೊದಲನೆಯದು ಬರಿಯ ಏಳನೆಯ ನರದ, ಅಂದರೆ ಮುಖದ ಸ್ನಾಯುಗಳನ್ನು ಆಡಿಸುವ ನರದ, ಸೋಲು ಇರಬಹುದು. 19ನೇ ಶತಮಾನದ ಸ್ಕಾಟ್‌ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್ ಹೆಸರಿನಲ್ಲಿ ಇಂದಿಗೂ ಅದನ್ನು ಬೆಲ್ಸ್ ಪಾಲ್ಸಿ ಅನ್ನುತ್ತಾರೆ. ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ಎರಡನೆಯದು ಮಿದುಳಿಗೇ ಆದ ಆಘಾತ, ಗಂಟೆಗಳ ಲೆಕ್ಕ. ರಕ್ತದ ಹೆಪ್ಪು ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ದೇಹಕ್ಕೆ ಸೇರಬೇಕು, ಮಡಿಕೇರಿಯಿಂದ ಮೈಸೂರಾಗಲಿ ಮಂಗಳೂರಾಗಲಿ ನೂರು ಕಿ.ಮೀ. ದಾಟಿದ ದಾರಿ.

ಎರಡನ್ನೂ ಬಿಡಿಸುವ ಗುರುತು ಹಣೆಯಲ್ಲಿದೆ. ‘ಹುಬ್ಬು ಮೇಲೆತ್ತಿ’ ಅಂದಾಗ ಸೋತ ಕಡೆಯ ಹಣೆಯಲ್ಲಿ ಒಂದು ಗೆರೆಯೂ ಏಳದೆ, ಆ ಕಡೆಯ ಕಣ್ಣು ಮುಚ್ಚಲೂ ಬಾರದಿದ್ದರೆ ಏಳನೆಯ ನರದ ಮೇಲೆ ಅನುಮಾನ. ಬಾಯಿ ಸೊಟ್ಟಗಿದ್ದೂ ಹಣೆಯ ಗೆರೆಗಳು ಎರಡೂ ಕಡೆ ಸರಿಯಾಗಿ ಮೂಡಿದರೆ ಮಿದುಳಿನ ಮೇಲೆ ಅನುಮಾನ. ಹಣೆಗೆ ಮಿದುಳಿನ ಎರಡೂ ಅರ್ಧಗಳಿಂದ ಅಪ್ಪಣೆ ಬರುವುದರಿಂದ ಒಂದು ಅರ್ಧ ಕೆಟ್ಟರೂ ಇನ್ನೊಂದು ನಡೆಸುತ್ತದೆ. ಮಿದುಳಿನ ಕಾಂಡಕ್ಕೇ (ಬೆನ್ನುಹುರಿಗೆ ಕೂಡುವ ಬುಡದ ಭಾಗಕ್ಕೆ) ಪೆಟ್ಟಾದರೆ ಹಣೆಯೂ ಸೋಲಬಹುದು. ಆದ್ದರಿಂದ ಬಾಯಿ ಸೊಟ್ಟಗಾದ ಯಾರನ್ನೇ ಆದರೂ ಕೂಡಲೇ ಆಸ್ಪತ್ರೆಗೆ ಕಳಿಸಬೇಕು, ಮನೆಯಲ್ಲಿ ತೀರ್ಮಾನ ಬೇಡ. ಇದನ್ನು ಚಿತ್ರದಲ್ಲಿ ದಪ್ಪಕ್ಷರದಲ್ಲಿ ಹಾಕುತ್ತಿದ್ದೇವೆ.

ಈ ಬೇರ್ಪಡಿಕೆ ನಮ್ಮ ಪದಗಳಲ್ಲಿ ಹಿಂದೆ ಇತ್ತು. ಆಯುರ್ವೇದದಲ್ಲಿ ಮುಖದ ಸೋಲು ‘ಅರ್ದಿತ’, ಅರ್ಧ ಮೈಯ ಸೋಲು ‘ಪಕ್ಷಾಘಾತ’. ಅರಬ್ಬಿ ವೈದ್ಯದಲ್ಲಿಯೂ ‘ಲಕ್ವ’ ಅಂದರೆ ಮುಖದ್ದೇ. ಅರ್ಧ ಮೈಯದ್ದಕ್ಕೆ ‘ಫಾಲಿಜ್’ ಎಂಬ ಬೇರೆ ಪದ. ನಮ್ಮಲ್ಲಿಗೆ ಬರುವಷ್ಟರಲ್ಲಿ ಲಕ್ವ ಹಿಗ್ಗಿ ಎರಡನ್ನೂ ನುಂಗಿತು. ಪತ್ರಿಕೆಗಳ ‘ಪಾರ್ಶ್ವವಾಯು’ ನನಗೆ ಹಿಡಿಸುವುದಿಲ್ಲ. ‘ವಾಯು’ ಕಿವಿಗೆ ಬಿದ್ದ ಕೂಡಲೇ ಎಣ್ಣೆ ತಿಕ್ಕುವ ಯೋಚನೆ ಬರುತ್ತದೆ, ಹೊತ್ತು ಮೀರುತ್ತದೆ. ಮಿದುಳಿನದ್ದಕ್ಕೆ ‘ಸ್ಟ್ರೋಕ್’ ಎಂದೇ ಬರೆದು ಕೆಳಗೆ ‘ಮಿದುಳಿನ ಆಘಾತ’ ಎನ್ನೋಣ, ಹಳ್ಳಿಯಲ್ಲೂ ಈಗ ‘ಸ್ಟ್ರೋಕ್ ಆಗಿದೆ’ ಅಂದರೆ ತಿಳಿಯುತ್ತದೆ. ಮುಖದ್ದಕ್ಕೆ ‘ಮುಖನರದ ಸೋಲು’ ಸಾಕೇ? ‘ಸ್ವಾಧೀನ ತಪ್ಪುವುದು’ ನಮ್ಮ ಬಾಯಲ್ಲಿ ದಿನವೂ ಇರುವ ಮಾತು, ‘ಮುಖದ ಸ್ವಾಧೀನ ತಪ್ಪಿದೆ’ ಅಂದರೆ ಇನ್ನೂ ಚೆನ್ನಾಗಿ ಮುಟ್ಟೀತೇ?

ಮೊದಲನೆಯ ನರದಲ್ಲಿ ತೊಂದರೆಯಿಲ್ಲ, ವಾಸನೆಯ ನರ. ವೈದ್ಯರು ಅದನ್ನು ಪರೀಕ್ಷಿಸಲು ಕಣ್ಣು ಮುಚ್ಚಿಸಿ ಒಂದೊಂದೇ ಮೂಗಿನ ಹೊಳ್ಳೆಗೆ ಕಾಫಿಪುಡಿ ಹಿಡಿಯುವುದುಂಟು, ಕೊಡಗಿನವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಐದನೆಯದರ ಹತ್ತಿರ ಒಂದು ಸಾಲು ಬದಲಾಯಿಸಬೇಕಾಯಿತು. ‘ಖಾರದ ರುಚಿ’ ಎಂದು ಬರೆದದ್ದನ್ನು ‘ಖಾರದ ಉರಿ’ ಮಾಡಿದೆವು: ಸೂಜಿಮೆಣಸು, ಕಾಳುಮೆಣಸಿನ ಖಾರವನ್ನು ಮಿದುಳಿಗೆ ಮುಟ್ಟಿಸುವುದು ರುಚಿಯ ನರಗಳಲ್ಲ, ಮುಖದ ನೋವು, ಬಿಸಿ, ಸ್ಪರ್ಶ ಒಯ್ಯುವ ಈ ಐದನೆಯದೇ ಮುಖ್ಯವಾಗಿ.

ಹನ್ನೆರಡಕ್ಕೂ ಸೇರಿಸಿ ಪಠ್ಯಪುಸ್ತಕದಂತೆ ‘ಕಪಾಲ ನರಗಳು’ ಎನ್ನಲು ನನ್ನ ಅಡ್ಡಿಯಿಲ್ಲ. ‘ಮಂಡೆಯ ನರಗಳು’ ಎಂದರೆ ಕೊಡವರಿಗೂ ಅರೆಭಾಷೆಯವರಿಗೂ ಮನೆಮಾತಿನಷ್ಟು ಹತ್ತಿರ, ಆದರೆ ಹತ್ತನೆಯದು ಮಂಡೆಯಲ್ಲಿ ನಿಲ್ಲದೆ ಎದೆಗಿಳಿದು ಹೃದಯ, ಶ್ವಾಸಕೋಶ ಮುಟ್ಟಿ ಹೊಟ್ಟೆಯವರೆಗೂ ಹೋಗುತ್ತದೆ. ಅದರ ಲ್ಯಾಟಿನ್ ಹೆಸರು ‘ವೇಗಸ್’ ಅಂದರೆ ಅಲೆಯುವುದು. ‘ಅಲೆಮಾರಿ ನರ’ ಅನ್ನಬಹುದೇ?

ಕೊನೆಯದು ತಲೆಸುತ್ತು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಆಗುವುದಕ್ಕೂ, ರಕ್ತ ಕಂಡು ಕುಸಿಯುವ ಮುಂಚೆ ಆಗುವುದಕ್ಕೂ, ಕೂತಲ್ಲೇ ಮನೆ ಗಿರ್ರನೆ ತಿರುಗಿದಂತೆ ಆಗುವುದಕ್ಕೂ ನಾವು ‘ತಲೆ ಸುತ್ತುತ್ತೆ’ ಅನ್ನುತ್ತೇವೆ. ಲೋಕವೇ ತಿರುಗಿದಂತಾದರೆ ವೈದ್ಯರು ಒಳಕಿವಿ, ಎಂಟನೆಯ ನರ, ಕಿರುಮಿದುಳಿನ ಕಡೆ ನೋಡುತ್ತಾರೆ. ರಕ್ತ ಕಂಡು ಕಣ್ಣು ಕತ್ತಲೆ ಬಂದರೆ ಹತ್ತನೆಯ ನರ ಹೃದಯದ ಬಡಿತ ಇಳಿಸಿ, ರಕ್ತದೊತ್ತಡ ಕುಸಿದು, ಮಿದುಳಿಗೆ ರಕ್ತ ಸಾಲದಾಗಿರುತ್ತದೆ. ಚಿತ್ರದಲ್ಲಿ ಒಂದಕ್ಕೆ ‘ತಲೆತಿರುಗು’, ಇನ್ನೊಂದಕ್ಕೆ ‘ಕಣ್ಣುಕತ್ತಲೆ’ ಎಂದು ಹಾಕಿದ್ದೇವೆ. ನಿಮ್ಮ ಮನೆಯಲ್ಲಿ, ಕನ್ನಡವಿರಲಿ, ಕೊಡವ ತಕ್ಕ್, ಅರೆಭಾಷೆ, ಯರವ ಮಾತಿರಲಿ, ಈ ಎರಡನ್ನೂ ಹಿರಿಯರು ಹೇಗೆ ಬೇರೆ ಮಾಡಿ ಹೇಳುತ್ತಾರೆ? ಬರಿಯ ಪದ ಬೇಡ, ಅವರು ಆಡುವ ಪೂರ್ತಿ ವಾಕ್ಯವನ್ನೇ ಬರೆದು ಕಳಿಸಿದರೆ ಉಪಕಾರ.