ಜನವರಿಯಲ್ಲಿ ಗುಲ್ಮಾರ್ಗ್: ಬಳ್ಳಾರಿ ಬಿಸಿಲಿನವರು ಏನೇನು ಸಿದ್ಧತೆ ಮಾಡಿಕೊಳ್ಳಬೇಕು?

ಕೋಟೆಬೀದಿ:
ಜನವರಿ ಮೂರನೇ ವಾರ ಐದು ದಿನ ಶ್ರೀನಗರ, ಗುಲ್ಮಾರ್ಗ್ ಕಡೆ ಹೊರಟಿದ್ದೇವೆ. ನಾವಿಬ್ಬರು, ಏಳು ವರ್ಷದ ಮಗಳು, 63 ವರ್ಷದ ಅಮ್ಮ. ಮನೆಯಲ್ಲಿ ಚಳಿಗೆಂದು ಇರುವುದು ಎರಡು ಸ್ವೆಟರ್, ಒಂದು ಮಂಕಿ ಕ್ಯಾಪ್ ಅಷ್ಟೆ. ನಾಲ್ಕು ದಪ್ಪ ಜರ್ಕಿನ್ ಕೊಂಡರೆ ಸಾಕೇ? ಅಮ್ಮನಿಗೆ ಮಂಡಿನೋವಿದೆ, ಗೊಂಡೊಲಾದಲ್ಲಿ (ಹಗ್ಗದ ಮೇಲೆ ಸಾಗುವ ಕೇಬಲ್ ಕಾರ್) ಮೇಲಕ್ಕೆ ಕರೆದೊಯ್ಯಬಹುದೇ? ಮಗಳಿಗಂತೂ ದಿನವಿಡೀ ಹಿಮದಲ್ಲಿ ಆಡುವ ಆಸೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಗಿರಿಚಾರಿ:
ಜರ್ಕಿನ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಅರ್ಧ ಒಳಬಟ್ಟೆಗೆ, ಕಾಲಿಗೆ ಖರ್ಚು ಮಾಡಿ. ಹಿಮದಲ್ಲಿ ಮೈ ಒಣಗಿದ್ದರೆ ಮೈನಸ್ 5ರಲ್ಲೂ ಆರಾಮ; ಒದ್ದೆಯಾದರೆ ಸೊನ್ನೆಯಲ್ಲೇ ಹಲ್ಲು ಕಟಕಟ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಹೀರುತ್ತದೆ. ಹಿಮ ಕರಗಿಯೇ ಒದ್ದೆಯಾಗಬೇಕೆಂದಿಲ್ಲ, ನಿಮ್ಮದೇ ಬೆವರು ಸಾಕು.

ಹಾಗಾಗಿ ಹತ್ತಿ ಬನಿಯನ್, ಹತ್ತಿ ಕಾಲುಚೀಲ, ಜೀನ್ಸ್ ಮೂರನ್ನೂ ಶ್ರೀನಗರದ ರೂಮಿನಲ್ಲೇ ಬಿಟ್ಟು ಹೋಗಿ. ಹತ್ತಿ ಬೆವರು ಕುಡಿದು ಒಣಗದೆ ಮೈಗಂಟಿಕೊಳ್ಳುತ್ತದೆ. ಮೈಗೆ ತಾಗುವಂತೆ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಒಬ್ಬೊಬ್ಬರಿಗೆ ಎರಡು ಜೊತೆ. ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್; ಮನೆಯ ಸ್ವೆಟರ್ ಉಣ್ಣೆಯದಾದರೆ ಅದೇ ನಡೆಯುತ್ತದೆ. ಹೊರಗೆ ಗಾಳಿ, ನೀರು ಎರಡನ್ನೂ ತಡೆಯುವ ಜರ್ಕಿನ್. ಇದು ತುಸು ಸಡಿಲವಿರಬೇಕು. ಬೆಚ್ಚಗಿಡುವುದು ಪದರಗಳ ನಡುವೆ ನಿಂತ ಗಾಳಿ, ಬಿಗಿಯಾದ ಬಟ್ಟೆಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಬಹಳ ಜನ ಎಡವುವುದು ಕಾಲಿನ ವಿಷಯದಲ್ಲಿ. ಮೂರು ಜೊತೆ ಕಾಲುಚೀಲ ತುರುಕಿಕೊಂಡರೆ ಬೂಟು ಬಿಗಿಯಾಗಿ ರಕ್ತ ಓಡುವುದಿಲ್ಲ, ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಒಂದು ತೆಳು ಪಾಲಿಯೆಸ್ಟರ್ ಚೀಲ, ಮೇಲೊಂದು ದಪ್ಪ ಉಣ್ಣೆಯದು, ಅಷ್ಟೇ. ಬೂಟು ಹಾಕಿದ ಮೇಲೂ ಕಾಲ್ಬೆರಳು ಸಲೀಸಾಗಿ ಆಡಬೇಕು. ಬೆನ್ನಿನ ಚೀಲದಲ್ಲಿ ಪ್ರತಿಯೊಬ್ಬರಿಗೂ ಒಂದು ಒಣ ಜೊತೆ ಇರಲಿ, ಮಧ್ಯಾಹ್ನ ಊಟಕ್ಕೆ ಕೂತಾಗ ಬದಲಿಸಿ.

ಬರೀ ಉಣ್ಣೆ ಕೈಗವಸು ಹಾಕಿ ಹಿಮದುಂಡೆ ಕಟ್ಟಿದರೆ ಸ್ವಲ್ಪ ಹೊತ್ತಿನಲ್ಲೇ ತೊಪ್ಪೆಯಾಗುತ್ತದೆ. ಮಗಳಿಗೆ ಹೆಬ್ಬೆರಳೊಂದೇ ಬೇರೆ ಇರುವ, ನೀರಿಳಿಯದ ಕೈಗವಸು ಕೊಡಿಸಿ. ನಾಲ್ಕು ಬೆರಳು ಒಟ್ಟಿಗಿದ್ದರೆ ಒಂದನ್ನೊಂದು ಬೆಚ್ಚಗಿಡುತ್ತವೆ.

ಹಾದಿಹೋಕ:
ಬಟ್ಟೆಯ ಮಾತು ಮೇಲಿನವರು ಹೇಳಿದ್ದಾರೆ, ನಾನು ದಾರಿಯದ್ದು ಹೇಳುತ್ತೇನೆ.

ಪ್ರೀಪೇಯ್ಡ್ ಸಿಮ್ ಇದ್ದರೆ ಈಗಲೇ ಒಂದನ್ನು ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಹೊರರಾಜ್ಯದ ಪ್ರೀಪೇಯ್ಡ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಗೊಂಡೊಲಾ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚಿತವಾಗಿಯೇ ಮಾಡಿ, ಗುರುತಿನ ಚೀಟಿ ಜೊತೆಗಿರಲಿ.

ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ. ಕೊನೆಯ 13 ಕಿ.ಮೀ., ಟಂಗ್‌ಮಾರ್ಗ್‌ನಿಂದ ಮೇಲಕ್ಕೆ, ಬರೀ ಏರು. ಹಿಮ ಬಿದ್ದಿದ್ದರೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯನ್ನಷ್ಟೇ ಬಿಡುತ್ತಾರೆ, ಉಳಿದವರು ಟಂಗ್‌ಮಾರ್ಗ್‌ನಲ್ಲಿ ಗಾಡಿ ಬದಲಿಸಬೇಕು. ಈ ಖರ್ಚು ಟ್ಯಾಕ್ಸಿ ಬಾಡಿಗೆಯಲ್ಲಿ ಸೇರಿದೆಯೇ ಎಂದು ಹೊರಡುವ ಮೊದಲೇ ಕೇಳಿ. ಬಾಡಿಗೆ ಗಂಬೂಟ್, ಕೋಟು ಸಿಗುವುದೂ ಅಲ್ಲೇ. ಸ್ಲೆಜ್ (ಹಿಮದ ಮೇಲೆ ಜಾರುವ ಮರದ ಬಂಡಿ) ಎಳೆಯುವವರ ಜೊತೆ ಒಟ್ಟು ಎಷ್ಟು ಹೊತ್ತು, ಎಲ್ಲಿಯವರೆಗೆ, ಎಷ್ಟು ದುಡ್ಡು ಎಂದು ಕೂರುವ ಮೊದಲೇ ಮಾತಾಡಿಕೊಳ್ಳಿ.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾದ ಮೊದಲ ಹಂತ ಕೊಂಗ್‌ಡೋರಿಗೆ, ಅದು 3,000 ಮೀಟರಿಗೆ ಸ್ವಲ್ಪ ಮೇಲೆ. ಎರಡನೆಯದು ಅಫರ್ವಟ್‌ಗೆ, ಸುಮಾರು 3,950. ಬಳ್ಳಾರಿಯಿಂದ ಬಂದ ಮರುದಿನವೇ ಅಷ್ಟು ಎತ್ತರಕ್ಕೆ ಹೋದರೆ ತಲೆನೋವು, ವಾಕರಿಕೆ ಬರಬಹುದು. ಮೊದಲ ರಾತ್ರಿ ಶ್ರೀನಗರದಲ್ಲಿ (ಸುಮಾರು 1,585 ಮೀಟರ್) ಕಳೆಯಿರಿ. ಅಮ್ಮನಿಗೆ ಮೊದಲ ಹಂತ ಸಾಕು. ಹಿಮವೂ ಧಾರಾಳ, ಕೂರಲು ಜಾಗವೂ ಉಂಟು. ಅವರಿಗೆ ಹೃದಯದ ಅಥವಾ ಉಸಿರಾಟದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಅದೂ ಬೇಡ. ಗಾಳಿ ಜೋರಾದರೆ ಎರಡನೇ ಹಂತವನ್ನು ನಿಲ್ಲಿಸುತ್ತಾರೆ, ಅದೊಂದನ್ನೇ ನಂಬಿಕೊಂಡು ದಿನ ಗೊತ್ತುಮಾಡಬೇಡಿ.

ಕಾಶ್ಮೀರದವರು ಡಿಸೆಂಬರ್ 21ರಿಂದ 40 ದಿನವನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ, ಕಡುಚಳಿಯ ಕಾಲ. ನಿಮ್ಮ ವಾರ ಅದರೊಳಗೇ ಬರುತ್ತದೆ. ಆದರೂ ಹಿಮ ಖಾತ್ರಿಯಲ್ಲ. 2024ರ ಜನವರಿಯ ಬಹುಭಾಗ ಗುಲ್ಮಾರ್ಗ್ ಇಳಿಜಾರುಗಳು ಬೋಳಾಗಿದ್ದವು. ರೂಮ್ ಕಾಯ್ದಿರಿಸುವಾಗ ದಿನಾಂಕ ಬದಲಿಸಲು ಬರುತ್ತದೆಯೇ ನೋಡಿ. ಕೊನೆಯ ರಾತ್ರಿ ಮಾತ್ರ ಶ್ರೀನಗರದಲ್ಲೇ ಇರಲಿ. ರಾತ್ರಿ ಹಿಮ ಸುರಿದು ಬೆಳಿಗ್ಗೆ ಘಟ್ಟದ ದಾರಿ ಮುಚ್ಚಿದರೆ ವಿಮಾನ ತಪ್ಪುತ್ತದೆ.

ಕೆಂಡಸಂಪಿಗೆ:
ಅಮ್ಮ, ಮಗು ಇಬ್ಬರೂ ಇರುವುದರಿಂದ ಇದನ್ನು ತಪ್ಪದೆ ಓದಿ.

ರೂಮಿನಲ್ಲಿ ಬುಖಾರಿ (ಸೌದೆ ಒಲೆ), ಗ್ಯಾಸ್ ಹೀಟರ್ ಅಥವಾ ಕಾಂಗ್ಡಿ (ಕೆಂಡದ ಬುಟ್ಟಿ) ಕೊಟ್ಟರೆ ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಮಲಗುವ ಮುನ್ನ ಗ್ಯಾಸ್ ಹೀಟರ್ ಆರಿಸಿ, ಕಾಂಗ್ಡಿಯನ್ನು ಕೋಣೆಯಿಂದಲೇ ಹೊರಗಿಡಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ. ನಮ್ಮ ಕಡೆ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಜನ ಸಾಯುವುದು ಇದೇ ಅನಿಲದಿಂದ. ತಲೆನೋವು, ವಾಕರಿಕೆ, ಮಂಪರು ಬಂದಾಗ ‘ಎತ್ತರಕ್ಕೆ ಹೀಗಾಗಿದೆ’ ಎಂದುಕೊಂಡು ಮಲಗಿಬಿಡುವುದೇ ಅಪಾಯ. ತಕ್ಷಣ ಎಲ್ಲರೂ ಹೊರಗೆ ಬನ್ನಿ. ಕರೆಂಟಿನ ಹಾಸು ಇದ್ದರೆ ಮಲಗುವ ಅರ್ಧ ಗಂಟೆ ಮೊದಲು ಹಾಕಿ, ಹಾಸಿಗೆ ಸೇರಿದ ಮೇಲೆ ಆರಿಸಿ.

ಸ್ಲೆಜ್ ಎಳೆಯುವವನು ಬೆವರುತ್ತಿರುತ್ತಾನೆ, ಕೂತ ಮಗು ಹೆಪ್ಪುಗಟ್ಟುತ್ತಿರುತ್ತದೆ. ಅರ್ಧ ಗಂಟೆಗೊಮ್ಮೆ ಮಗುವಿನ ಕತ್ತಿನ ಹಿಂದೆ ಕೈ ಹಾಕಿ ನೋಡಿ: ಒದ್ದೆಯಿದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಒಳಗೆ ಕರೆದುಕೊಂಡು ಹೋಗಿ. ಮೂಗಿನ ತುದಿ, ಕಿವಿ, ಬೆರಳು ಬಿಳಚಿಕೊಂಡು ಜೋಮು ಹಿಡಿದರೆ ಉಜ್ಜಬಾರದು, ಬೆಂಕಿಗೂ ಹಿಡಿಯಬಾರದು. ಸ್ಪರ್ಶ ಸತ್ತ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಬೆರಳನ್ನು ದೊಡ್ಡವರ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಬಣ್ಣ ಮರಳದಿದ್ದರೆ ವೈದ್ಯರ ಹತ್ತಿರ ಹೋಗಿ.

ತಂಪು ಕನ್ನಡಕ ಎಲ್ಲರಿಗೂ ಬೇಕು, ಯುವಿ ತಡೆಯುವುದೇ ಆಗಬೇಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳನ್ನು ಶೇ. 80ರವರೆಗೂ ಹಿಂದಕ್ಕೆಸೆಯುತ್ತದೆ, ಸಂಜೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿಯುವುದು ಇದರಿಂದಲೇ. ಬೆಳಕು ಕೆಳಗಿನಿಂದಲೂ ಬಡಿಯುವುದರಿಂದ ಸನ್‌ಸ್ಕ್ರೀನನ್ನು ಮೂಗಿನ ಹೊಳ್ಳೆಯ ಕೆಳಗೆ, ಗದ್ದದಡಿಯೂ ಹಚ್ಚಿ.

ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಕಿರಿಬಾಯಿಯ ಬಾಟಲಿ ಒಯ್ದರೆ ಹೊರಗೇ ಬರದು. ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಬಾಯಾರಿಕೆ ಗೊತ್ತಾಗದು, ಬಿಸಿನೀರಿನ ಫ್ಲಾಸ್ಕ್ ಕೈಯಲ್ಲಿರಲಿ. ಕಹ್ವಾ (ಕೇಸರಿ, ಏಲಕ್ಕಿ ಹಾಕಿದ ಕಾಶ್ಮೀರಿ ಚಹಾ) ಮಗುವಿಗೂ ಹಿಡಿಸುತ್ತದೆ. ಗುಲಾಬಿ ಬಣ್ಣದ ನೂನ್ ಚಾಯ್ ಉಪ್ಪುಪ್ಪು, ಸಕ್ಕರೆ ಚಹಾ ಎಂದುಕೊಂಡು ತರಿಸಬೇಡಿ.

ಕೋಟೆಬೀದಿ:
ತುಂಬಾ ಧನ್ಯವಾದ. ಇನ್ನೆರಡು ಪ್ರಶ್ನೆ: ಅಮ್ಮ ಜಾರದಂತೆ ನಡೆಯುವುದು ಹೇಗೆ? ಬಾಡಿಗೆ ಗಂಬೂಟ್ ಸಾಕಾಗುತ್ತದೆಯೇ?

ಗಿರಿಚಾರಿ:
ಹೊಸ ಹಿಮ ಅಷ್ಟು ಜಾರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕರಗಿ ಸಂಜೆ ಮತ್ತೆ ಗಾಜಿನಂತೆ ಹೆಪ್ಪುಗಟ್ಟುತ್ತದಲ್ಲ, ಅದೇ ಬೀಳಿಸುವುದು. ನಾಲ್ಕು ಗಂಟೆಯ ಮೇಲೆ ಅಮ್ಮನನ್ನು ರಸ್ತೆಯಲ್ಲಿ ನಡೆಸಬೇಡಿ. ಹೆಜ್ಜೆ ಗಿಡ್ಡ, ಪಾದ ಪೂರ್ತಿ ನೆಲಕ್ಕೆ, ಭಾರ ಮುಂದಿನ ಕಾಲಿನ ಮೇಲೆ, ಕೈ ಜೇಬಿನಿಂದ ಹೊರಗೆ. ಬೂಟಿನಡಿಗೆ ಸಿಕ್ಕಿಸುವ, ಮೊಳೆಗಳಿರುವ ರಬ್ಬರ್ ಪಟ್ಟಿ ಸಿಗುತ್ತದೆ, ಊರಿಂದಲೇ ತರಿಸಿಕೊಂಡು ಹೋಗಿ. ಹೋಟೆಲ್ ಬಾಗಿಲಲ್ಲೇ ಬಿಚ್ಚಬೇಕು, ಟೈಲ್ಸ್ ಮೇಲೆ ಆ ಮೊಳೆಗಳೇ ಜಾರುತ್ತವೆ. ಅದು ಸಿಗದಿದ್ದರೆ ಬೂಟಿನ ಮೇಲೆ ಹಳೇ ಉಣ್ಣೆ ಕಾಲುಚೀಲ ಎಳೆದರೂ ಹಿಡಿತ ಬರುತ್ತದೆ.

ಗಂಬೂಟ್ ನೀರು ತಡೆಯುತ್ತದೆ, ಚಳಿ ತಡೆಯುವುದಿಲ್ಲ. ಒಂದೆರಡು ಗಂಟೆಗೆ ಅಡ್ಡಿಯಿಲ್ಲ. ತೆಗೆದುಕೊಳ್ಳುವಾಗ ಬೆರಳ ತುದಿಯವರೆಗೂ ಕೈ ಹಾಕಿ ಒತ್ತಿ ನೋಡಿ. ಹಿಂದಿನವರ ಬೆವರು ಅಲ್ಲೇ ಉಳಿದಿರುತ್ತದೆ. ತೇವ ಹತ್ತಿದರೆ ಬೇರೆ ಜೊತೆ ಕೇಳಿ. ಅಳತೆ ಒಂದು ನಂಬರ್ ದೊಡ್ಡದಿರಲಿ. ನಿಮ್ಮದೇ ಬೂಟು ಒದ್ದೆಯಾದರೆ ಒಳಗಿನ ಅಟ್ಟೆ ಹೊರತೆಗೆದು, ಪೇಪರ್ ಉಂಡೆ ಮಾಡಿ ತುರುಕಿ, ಗಂಟೆಗೊಮ್ಮೆ ಪೇಪರ್ ಬದಲಿಸಿ. ಬುಖಾರಿಗೆ ಒತ್ತಿ ಇಟ್ಟರೆ ಅಂಟು ಬಿಟ್ಟು ಅಡಿಭಾಗವೇ ಕಿತ್ತುಬರುತ್ತದೆ, ಒಂದು ಮಾರು ದೂರ ಇಡಿ.