‘ರಫ್ತು’ ಒಗ್ಗುತ್ತಿಲ್ಲ: ‘ಉತಾರ’ ನಡೆಯುತ್ತದೆಯೇ?

ಮಿತ್ರರೆ, ನಮಸ್ಕಾರ.

ಪತ್ತಿನ ಸಹಕಾರ ಸಂಘಗಳ ಗುಮಾಸ್ತರಿಗಾಗಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಸದಸ್ಯರ ವಿವರ, ಷೇರು, ಸಾಲ, ಠೇವಣಿ ಎಲ್ಲವೂ ಈಗ ಡೇಟಾಬೇಸಿನಲ್ಲಿ ಕುಳಿತಿವೆ. ಮಹಾಸಭೆ ಹತ್ತಿರ ಬಂದಾಗ, ಲೆಕ್ಕ ಪರಿಶೋಧಕರು ಕೇಳಿದಾಗ, ಸುಸ್ತಿದಾರರ ಪಟ್ಟಿ ಬೇಕಾದಾಗ ಅಲ್ಲಿಂದ ಬೇಕಾದಷ್ಟನ್ನು ತೆಗೆದು ಎಕ್ಸೆಲ್ಲಿಗೋ ಲಿಬ್ರೆ ಆಫೀಸಿನ ಕ್ಯಾಲ್ಕಿಗೋ ಹಾಕಿಕೊಳ್ಳಬೇಕು. ಇಂಗ್ಲಿಷಿನಲ್ಲಿ ‘ಎಕ್ಸ್‌ಪೋರ್ಟ್’ ಎನ್ನುವ ಈ ಕೆಲಸಕ್ಕೆ ಕನ್ನಡೀಕರಿಸಿದ ತಂತ್ರಾಂಶಗಳಲ್ಲಿ ‘ರಫ್ತು’ ಎಂದು ಹೆಸರು. ಕರಡಿನಲ್ಲಿ ನಾನೂ ಅದನ್ನೇ ಹಿಡಿದು ‘ದಾಖಲೆಗಳನ್ನು ರಫ್ತು ಮಾಡಿ’ ಎಂದು ಬರೆದಿದ್ದೇನೆ. ಅದನ್ನು ಓದಿದ ಗದಗ ಕಡೆಯ ಗುಮಾಸ್ತರೊಬ್ಬರು ಕೇಳಿದರು: ‘ಯಾವ ದಾಖಲೆ ಸರ್, ಆಧಾರ್ ಪ್ರತಿಯೋ ಪಹಣಿಯೋ? ಯಾರಿಗೆ ಕಳಿಸಬೇಕು?’ ಎರಡು ಪದಕ್ಕೆ ಎರಡು ಪ್ರಶ್ನೆ, ಎರಡೂ ನ್ಯಾಯವಾದವು.

ಮೊದಲು ‘ರಫ್ತು’. ಪಾರಸಿಯಲ್ಲಿ ಹೋಗುವುದಕ್ಕೆ ‘ರಫ್ತನ್’, ಬರುವುದಕ್ಕೆ ‘ಆಮದನ್’. ನಮ್ಮ ರಫ್ತು, ಆಮದುಗಳ ಮೂಲ ಇವೇ. ಮೂಲವನ್ನೇ ನೋಡಿದರೆ ಅಲ್ಲಿ ಹಡಗೂ ಇಲ್ಲ, ಸುಂಕವೂ ಇಲ್ಲ, ಬರೀ ಹೋಗುವುದು, ಬರುವುದು. ಹಾಗಾಗಿ ಪದ ತಪ್ಪಲ್ಲ ಎಂದು ವಾದಿಸಬಹುದು. ಆದರೆ ಓದುವವರು ನಿಘಂಟು ಬಿಚ್ಚಿ ಕುಳಿತಿರುವುದಿಲ್ಲ. ಅವರ ಪಾಲಿಗೆ ಕಾಫಿ ರಫ್ತಾಗುತ್ತದೆ, ಮಾವು ರಫ್ತಾಗುತ್ತದೆ. ರಫ್ತಾದ ಸರಕು ಮತ್ತೆ ಗೋದಾಮಿನಲ್ಲಿ ಇರುವುದಿಲ್ಲ. ಡೇಟಾಬೇಸಿನಲ್ಲಿ ಹಾಗಲ್ಲ. ಮೂಲ ಇದ್ದಲ್ಲೇ ಇರುತ್ತದೆ, ಆ ಗಳಿಗೆಗೆ ಅಲ್ಲಿ ಏನಿತ್ತೋ ಅದರ ಪ್ರತಿ ಹೊರಬರುತ್ತದೆ. ನಾಳೆ ಸದಸ್ಯರೊಬ್ಬರು ಕಂತು ಕಟ್ಟಿದರೆ ಎಕ್ಸೆಲ್ ಹಾಳೆಗೆ ಅದು ಗೊತ್ತಾಗುವುದಿಲ್ಲ. ಹಾಳೆಯಲ್ಲಿ ಫೋನ್ ಸಂಖ್ಯೆ ತಿದ್ದಿದರೆ ಡೇಟಾಬೇಸಿಗೆ ಅದು ಮುಟ್ಟುವುದಿಲ್ಲ. ಗುಮಾಸ್ತರು ಎಡವುವುದು ಬಹುಪಾಲು ಇಲ್ಲೇ: ಹಾಳೆಯಲ್ಲಿ ತಿದ್ದಿ, ಸಂಘದ ಲೆಕ್ಕವೇ ಸರಿಯಾಯಿತೆಂದು ನಿಶ್ಚಿಂತರಾಗುತ್ತಾರೆ.

ಇದಕ್ಕೆ ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಆಡುಮಾತಿನಲ್ಲೇ ಒಂದು ಪದವಿದೆ: ಉತಾರ. ಮರಾಠಿಯ ‘ಉತಾರಾ’ದಿಂದ ಬಂದದ್ದು, ಸರ್ಕಾರಿ ಕಚೇರಿಯ ಪುಸ್ತಕದಿಂದ ಬೇಕಾದ ಭಾಗವನ್ನಷ್ಟೇ ತೆಗೆದುಕೊಟ್ಟ ಪ್ರತಿ. ಹೊಲದ ಉತಾರ, ಮನೆಯ ಉತಾರ ಎನ್ನುತ್ತಾರೆ. ‘ಉತಾರ ತೆಗೆಸಿಕೊಂಡು ಬಾ’ ಎಂದರೆ ಆ ಕಡೆ ಓದು ಬಾರದವರಿಗೂ ಅರ್ಥವಾಗುತ್ತದೆ. ಅದರಲ್ಲಿ ನಮಗೆ ಬೇಕಾದ ಅರ್ಥಗಳೆಲ್ಲ ಮೊದಲೇ ಇವೆ. ಮೂಲ ಪುಸ್ತಕ ಕಚೇರಿಯಲ್ಲೇ ಉಳಿಯುತ್ತದೆ. ಇಡೀ ಊರಿನದಲ್ಲ, ಕೇಳಿದ ಸರ್ವೆ ನಂಬರಿನದು ಮಾತ್ರ ಸಿಗುತ್ತದೆ. ಅದರ ಮೇಲೆ ತಾರೀಖು ಇರುತ್ತದೆ. ಹಳೆಯ ಉತಾರ ಕೊಟ್ಟರೆ ಬ್ಯಾಂಕಿನವರು ಹೊಸದು ತನ್ನಿ ಎನ್ನುತ್ತಾರೆ. ‘ಮಾರ್ಚ್ 31ಕ್ಕೆ ಇದ್ದಂತೆ ಸುಸ್ತಿದಾರರ ಉತಾರ ತೆಗೆಯಿರಿ’ ಎಂದು ಬರೆದರೆ ಯಾವ ದಿನಕ್ಕೆ, ಯಾರದು, ಮೂಲ ಎಲ್ಲಿದೆ ಎಂದು ಬೇರೆ ವಿವರಿಸಬೇಕಾಗಿಲ್ಲ.

ಉಳಿದ ಪದಗಳನ್ನೂ ತೂಗಿ ನೋಡಿದ್ದೇನೆ. ‘ನಕಲು’ ಅರ್ಥದಲ್ಲಿ ಹತ್ತಿರವೇ, ಆದರೆ ಸಂಘದ ಚುನಾವಣೆಯ ವರ್ಷದಲ್ಲಿ ‘ಸದಸ್ಯರ ನಕಲು ಪಟ್ಟಿ’ ಎಂದು ಅಚ್ಚು ಹಾಕಿ ನೋಡಿ, ‘ನಕಲಿ ಸದಸ್ಯರ ಪಟ್ಟಿ’ ಎಂದು ಜಗಳ ಶುರುವಾಗುತ್ತದೆ. ‘ವರ್ಗಾವಣೆ’ ಎಂದರೆ ನೌಕರರ ಎದೆ ಧಸಕ್ಕೆನ್ನುತ್ತದೆ, ಅಲ್ಲದೆ ಅದರಲ್ಲೂ ಇದ್ದ ಜಾಗ ಖಾಲಿಯಾಗುತ್ತದೆ. ‘ಹೊರತೆಗೆ’ ಎಂಬುದನ್ನು ಜಿಪ್ ಕಡತ ಬಿಚ್ಚುವವರು ಆಗಲೇ ಹಿಡಿದುಕೊಂಡಿದ್ದಾರೆ.

ಉತಾರಕ್ಕೂ ತೊಡಕುಗಳಿವೆ. ಒಂದು, ಹಳೆಯ ಮೈಸೂರಿನ ಕಡೆ ಅದು ಬಳಕೆಯಲ್ಲಿಲ್ಲ. ಇನ್ನೊಂದು ಇದಕ್ಕಿಂತ ಗಟ್ಟಿಯಾದದ್ದು. ಉತಾರ ಎಂದರೆ ಮೂಲದಲ್ಲಿ ಇದ್ದುದು ಇದ್ದ ಹಾಗೆ, ಕೆಳಗೆ ಮೊಹರು, ಸಹಿ. ಡೇಟಾಬೇಸಿನಿಂದ ಬಂದ ಸಿಎಸ್‌ವಿ ಕಡತಕ್ಕೆ ಅಷ್ಟು ಯೋಗ್ಯತೆ ಇದೆಯೇ? ಕಡತ ಪಾಪದ್ದು. ಅದು ಬರೀ ಪಠ್ಯ, ಒಂದು ಸಾಲಿಗೆ ಒಬ್ಬ ಸದಸ್ಯ, ನಡುನಡುವೆ ಅಲ್ಪವಿರಾಮ, ಅಷ್ಟೇ. ಕಿತಾಪತಿ ಮಾಡುವುದು ಅದನ್ನು ತೆರೆಯುವ ಹಾಳೆ. ಸದಸ್ಯ ಸಂಖ್ಯೆ 0045 ಇದ್ದರೆ ಸೊನ್ನೆಗಳನ್ನು ನುಂಗಿ 45 ಎಂದು ತೋರಿಸುತ್ತದೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಕಾಯುತ್ತದೆ. 16 ಅಂಕಿಗಳ ಖಾತೆ ಸಂಖ್ಯೆಯ ಕೊನೆಯ ಅಂಕಿ ಏನಿದ್ದರೂ ಸೊನ್ನೆಯಾಗುತ್ತದೆ. ಸಾಲದ ಸಂಖ್ಯೆ 3/12 ಎಂದಿದ್ದರೆ ಅದನ್ನು ತಾರೀಖು ಮಾಡಿಬಿಡುತ್ತದೆ. (ಇದು ನಮ್ಮ ಸಂಘಗಳ ಗೋಳು ಮಾತ್ರವಲ್ಲ. ಮಾನವ ವಂಶವಾಹಿಗಳಿಗೆ ಹೆಸರಿಡುವ ಸಮಿತಿಯೇ ಈ ಕಾಟ ತಾಳದೆ, ‘ಮಾರ್ಚ್1’ ಎಂಬಂಥ ವಂಶವಾಹಿ ಹೆಸರುಗಳನ್ನು ಬದಲಿಸಿದ್ದಾಗಿ 2020ರಲ್ಲಿ ಪ್ರಕಟಿಸಿತು.) ವಿಳಾಸದಲ್ಲಿ ‘ಹಳೇ ಬಸ್ ನಿಲ್ದಾಣದ ಹತ್ತಿರ, ಗದಗ’ ಎಂದಿದ್ದು, ಅದನ್ನು ಉದ್ಧರಣ ಚಿಹ್ನೆಗಳೊಳಗೆ ಕೂರಿಸದಿದ್ದರೆ ಗದಗ ಪಕ್ಕದ ಕಾಲಂಗೆ ಜಿಗಿಯುತ್ತದೆ, ಅಲ್ಲಿಂದಾಚೆಗೆ ಆ ಸದಸ್ಯರ ಎಲ್ಲ ವಿವರವೂ ಒಂದೊಂದು ಮನೆ ಮುಂದೆ.

ಕನ್ನಡದ ಹೆಸರುಗಳದು ಬೇರೆಯೇ ಕಥೆ. ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಎಂಬ ರೀತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ಹಾಳೆ ಅದನ್ನು ಹಳೆಯ ಪಾಶ್ಚಾತ್ಯ ಸಂಕೇತವೆಂದು ತಿಳಿದು ಓದಿದರೆ, ತಲೆಯ ಮೇಲೆ ಓರೆಗೀಟು ಹೊತ್ತ ರೋಮನ್ ‘ಎ’, ಅದರ ಹೆಗಲ ಮೇಲೆ ಪುಟ್ಟ 2 ಅಥವಾ 3, ಆಮೇಲೊಂದು ಅಡ್ಡಾದಿಡ್ಡಿ ಗುರುತು ಕಾಣುತ್ತವೆ. ಹಾಳೆಯ ತುಂಬ ಇವೇ ಇದ್ದರೆ ಕಳೆದುಹೋದದ್ದು ಏನೂ ಇಲ್ಲ. ಮತ್ತೆ ಆಮದು ಮಾಡಿಕೊಂಡು ಯುಟಿಎಫ್-8 ಎಂದು ಆರಿಸಿದರೆ ಸಾಕು. ಗುಮಾಸ್ತರು ಇದಕ್ಕೆ ‘ಫಾಂಟ್ ಒಡೆದಿದೆ’ ಎನ್ನುತ್ತಾರೆ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳ ಕಾಲದಲ್ಲಿ ಆ ಮಾತು ನಿಜವೇ ಆಗಿತ್ತು: ಫಾಂಟ್ ಬದಲಾದರೆ ಕನ್ನಡವೇ ಮಾಯ. ಈಗ ದೋಷ ಫಾಂಟಿನದಲ್ಲವಾದರೂ ಒಡೆಯುವುದು ಎಂಬ ಕ್ರಿಯಾಪದ ನನಗೆ ಹಿಡಿಸಿದೆ. ‘ಅಕ್ಷರ ಒಡೆದರೆ’ ಎಂದು ಶೀರ್ಷಿಕೆ ಕೊಡುತ್ತೇನೆ. ‘ಸಂಕೇತೀಕರಣ ದೋಷ’ ಬೇಡ.

ಇನ್ನು ‘ದಾಖಲೆ’. ಕಾಗದಪತ್ರವೂ ದಾಖಲೆ, ಕ್ರಿಕೆಟಿನಲ್ಲಿ ಮುರಿಯುವುದೂ ದಾಖಲೆ. ಡೇಟಾಬೇಸಿನಲ್ಲಿ ಒಬ್ಬ ಸದಸ್ಯನಿಗೆ ಸಂಬಂಧಿಸಿದ ಒಂದು ಸಾಲಿಗೆ ‘ನಮೂದು’ ಎನ್ನುವುದು ಲೇಸು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ನಾಡು ನಮ್ಮದು. ಖಿರ್ದಿ, ಖತಾವಣಿ, ಜಮಾ, ನಾವೆ ಎಂದು ಲೆಕ್ಕ ಬರೆದು ಪಳಗಿದ ಕೈಗಳಿಗೆ ನಾವು ಹೊಸ ಪದ ಹೊಸೆದು ಕೊಡುವುದು ಅಧಿಕಪ್ರಸಂಗವೇ ಸರಿ.

ಕಾಲಂ ವಿಷಯದಲ್ಲಿ ನನ್ನ ಮನಸ್ಸು ಗಟ್ಟಿಯಾಗಿದೆ. ‘ಅಂಕಣ’ ಪತ್ರಿಕೆಯವರದು, ‘ಕಂಬಸಾಲು’ ಗಣಿತ ಪುಸ್ತಕದ್ದು. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಕೂತಿದೆ ಎಂದು ರೈತರು ಬಾಯಲ್ಲೇ ಹೇಳುವಾಗ ‘ಕಾಲಂ’ ಕನ್ನಡವಲ್ಲ ಎನ್ನಲು ನನಗೆ ಬಾಯಿಲ್ಲ. ಕಾನೂನಿನ ‘ಕಲಂ’ ಜೊತೆ ಗೊಂದಲವಾಗದಂತೆ ದೀರ್ಘವನ್ನು ಉಳಿಸಿಕೊಂಡರಾಯಿತು. ಇಂಗ್ಲಿಷಿನ ‘ಫೀಲ್ಡ್’ಗೆ ‘ಕ್ಷೇತ್ರ’ ಮಾತ್ರ ದಯವಿಟ್ಟು ಬೇಡ, ಅಲ್ಲಿ ಚುನಾವಣೆ ನಡೆಯುತ್ತದೆ, ಇಲ್ಲವೇ ಜಾತ್ರೆ. ಅದರೊಳಗೆ ತುಂಬುವುದಕ್ಕೂ ‘ಮೌಲ್ಯ’ ಎನ್ನುತ್ತಿದ್ದಾರೆ. ಶಾಲೆಯಲ್ಲಿ ಎಕ್ಸ್‌ನ ‘ಬೆಲೆ’ ಕಂಡುಹಿಡಿದವರು ನಾವು. ಇಲ್ಲಿ ‘ವಿವರ’ ಎಂದರೆ ಸಾಲದೇ?

ನನಗೆ ನಿಜವಾಗಿ ಬಗೆಹರಿಯದಿರುವುದು ಜೋಡಿಯ ಪ್ರಶ್ನೆ. ರಫ್ತಿಗೆ ಆಮದು ಸಿದ್ಧವಾಗಿದೆ. ಉತಾರಕ್ಕೆ ಎದುರು ಪದ ಯಾವುದು? ಹೊರಗಿನ ಕಡತದಿಂದ ನೂರಾರು ನಮೂದುಗಳನ್ನು ಒಟ್ಟಿಗೆ ಒಳಕ್ಕೆ ಹಾಕುವುದಕ್ಕೆ ‘ಭರ್ತಿ’ ಎನ್ನಬಹುದೇ, ‘ಜಮಾ’ ಎಂದರೆ ಹಣದ ಜೊತೆ ಗೋಜಲಾಗುತ್ತದೆಯೇ? ಬಳ್ಳಾರಿ, ದಕ್ಷಿಣ ಕನ್ನಡ, ಕಾಸರಗೋಡಿನವರು ಮದರಾಸು ಆಡಳಿತದ ಅಡಂಗಲ್, ಚಿಟ್ಟಾ ಎಂಬ ಜಮೀನು ಲೆಕ್ಕದ ಪುಸ್ತಕಗಳನ್ನು ಕಂಡವರು. ಪುಸ್ತಕದಿಂದ ಬೇಕಾದಷ್ಟನ್ನೇ ಬರೆದು ತೆಗೆದದ್ದಕ್ಕೆ ಅಲ್ಲಿನ ಶಾನುಭೋಗರ ಮನೆಗಳಲ್ಲಿ ಏನೆನ್ನುತ್ತಿದ್ದರು? ಮೈಸೂರು ಕಡೆಯ ಸಂಘಗಳಲ್ಲಿ ಕೆಲಸ ಮಾಡಿದವರಿದ್ದರೆ, ‘ಉತಾರ’ ಎಂದಾಗ ಎದುರಿಗಿರುವವರು ಹುಬ್ಬೇರಿಸುತ್ತಾರೋ ಒಪ್ಪುತ್ತಾರೋ, ದಯವಿಟ್ಟು ತಿಳಿಸಿ.