ಕಾರು ತಾನೇ ಬ್ರೇಕ್ ಹಾಕುವಾಗ ಪಕ್ಕದಲ್ಲಿ ಕೂತವರಿಗೆ ಭಯ, ಏನು ಮಾಡಬಹುದು?

ದಾರಿಹೋಕ:
ಎಂಟು ತಿಂಗಳಿಂದ ಎಡಿಎಎಸ್, ಅಂದರೆ ಓಡಿಸುವವರಿಗೆ ನೆರವಾಗುವ ಎಲೆಕ್ಟ್ರಾನಿಕ್ ಸಿಸ್ಟಂ, ಇರುವ ಕಾರು ಓಡಿಸುತ್ತಿದ್ದೇನೆ. ಒಬ್ಬನೇ ಇದ್ದಾಗ ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿಗೆ ತಕ್ಕ ಹಾಗೆ ಕಾರೇ ವೇಗ ಹೊಂದಿಸಿಕೊಳ್ಳುವುದು), ಲೇನ್ ಸೆಂಟರಿಂಗ್ (ಕಾರೇ ಸ್ಟೇರಿಂಗ್ ತಿರುಗಿಸಿ ಲೇನಿನ ನಡುವೆ ಇರುವುದು) ಎರಡೂ ಹಾಕಿಕೊಂಡು ಆರಾಮಾಗಿ ಹೋಗುತ್ತೇನೆ. ಅಮ್ಮ ಪಕ್ಕದಲ್ಲಿ ಕೂತರೆ ಕಥೆಯೇ ಬೇರೆ. ಮುಂದಿನ ಲಾರಿ ಸ್ವಲ್ಪ ನಿಧಾನ ಆದರೆ ಸಾಕು, ಅವರ ಬಲಗಾಲು ಮ್ಯಾಟನ್ನು ಒತ್ತಿ ಹಿಡಿಯುತ್ತದೆ, ಕೈ ಬಾಗಿಲ ಹಿಡಿಕೆಗೆ ಹೋಗುತ್ತದೆ. ಕಾರು ಬ್ರೇಕ್ ಹಾಕುತ್ತದೆ, ಆದರೆ ಅಷ್ಟು ಹೊತ್ತಿಗೆ ಅವರ ಮುಖ ಬೆವರಿರುತ್ತದೆ. ಮೊನ್ನೆ ಪಕ್ಕದ ಲೇನಿನಿಂದ ಒಂದು ಕಾರು ನುಗ್ಗಿದಾಗ ನಮ್ಮದು ಗಕ್ಕನೆ ಬ್ರೇಕ್ ಹಿಡಿಯಿತು. "ಕಾರಿನ ಕೈಗೆ ಕೊಡಬೇಡ ಕಣೋ, ನೀನೇ ಓಡಿಸು" ಅಂದರು, ಆಮೇಲೆ ಊರು ಮುಟ್ಟುವ ತನಕ ಮಾತೇ ಇಲ್ಲ. ಹಿಂದೆ ಕೂರುವ ಮಗಳಿಗೆ ತಲೆಸುತ್ತು ಬೇರೆ. ಆಫ್ ಮಾಡಿಬಿಡಬಹುದು, ಗೊತ್ತು. ಆದರೆ ದೂರದ ದಾರಿಯಲ್ಲಿ ಇದರಿಂದ ನನಗೆ ಸುಸ್ತು ಕಡಿಮೆ. ಅವರಿಗೂ ನೆಮ್ಮದಿ ಆಗುವ ಹಾಗೆ ಏನಾದರೂ ಮಾಡಬಹುದಾ?

ಗೇರ್‌ಬಾಕ್ಸ್:
ಇಂಥ ಸಿಸ್ಟಂಗಳನ್ನು ಟ್ಯೂನ್ ಮಾಡುವ ಕೆಲಸದಲ್ಲಿ ಕೆಲವು ವರ್ಷ ಇದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಗ್ಯಾಪ್ ಸೆಟ್ಟಿಂಗ್, ಅಂದರೆ ಮುಂದಿನ ಗಾಡಿಯಿಂದ ಎಷ್ಟು ಅಂತರ ಬಿಡಬೇಕು ಅನ್ನುವುದು, ನೋಡಿ. ಅದು ಮೀಟರ್ ಲೆಕ್ಕ ಅಲ್ಲ, ಸೆಕೆಂಡಿನ ಲೆಕ್ಕ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. 1 ಸೆಕೆಂಡ್ ಗ್ಯಾಪ್ ಅಂದರೆ 28 ಮೀಟರ್, 2 ಸೆಕೆಂಡ್ ಅಂದರೆ 56. ಅಮ್ಮ ಇದ್ದಾಗ ಎಲ್ಲಕ್ಕಿಂತ ದೊಡ್ಡ ಗ್ಯಾಪ್ ಇಡಿ. ನಡುವೆ ಬೇರೆಯವರು ನುಗ್ಗುವುದು ಜಾಸ್ತಿ ಆಗುತ್ತದೆ, ನಿಜ. ಆದರೂ ಪ್ರತಿ ಬ್ರೇಕೂ ಮೆತ್ತಗಾಗುತ್ತದೆ.

ಕೂತವರಿಗೆ ತೊಂದರೆ ಕೊಡುವುದು ಬರೀ ಬ್ರೇಕಿನ ಜೋರಲ್ಲ, ಆ ಜೋರು ಎಷ್ಟು ಬೇಗ ಏರುತ್ತದೆ ಅನ್ನುವುದು. ಒಳ್ಳೆಯ ಡ್ರೈವರ್ ನಾಲ್ಕು ಕಾರು ಆಚೆ ಬ್ರೇಕಿನ ಕೆಂಪು ಲೈಟ್ ಕಂಡ ಕೂಡಲೇ ಆಕ್ಸಿಲರೇಟರ್ ಬಿಡುತ್ತಾನೆ. ಕಾರು ಹೆಚ್ಚಾಗಿ ತನ್ನ ಮುಂದಿನ ಗಾಡಿಯನ್ನೇ ನೋಡುತ್ತಿರುತ್ತದೆ, ಆ ಗಾಡಿ ನಿಧಾನ ಆದ ಮೇಲೆ ತಾನು ಶುರು ಮಾಡುತ್ತದೆ. ತಡವಾಗಿ ಶುರು ಮಾಡಿದ್ದರಿಂದ ಜೋರಾಗಿ ಹಿಡಿಯಬೇಕಾಗುತ್ತದೆ. ಆ ಕೆಂಪು ಲೈಟ್ ನಿಮಗೆ ಕಂಡಾಗಲೇ ಸ್ಟೇರಿಂಗ್ ಮೇಲಿನ ಬಟನ್ನಿನಿಂದ ಸೆಟ್ ಸ್ಪೀಡ್ (ಕ್ರೂಸಿಗೆ ನೀವು ಕೊಟ್ಟಿರುವ ವೇಗ) ಹತ್ತು ಹದಿನೈದು ಕಿ.ಮೀ. ಇಳಿಸಿ. ಅಮ್ಮನಿಗೆ ಅಲ್ಲೇ ಅರ್ಧ ಸಮಾಧಾನ.

ಇನ್ನೊಂದು ಮಾತು. ಅವರ ಭಯಕ್ಕೆ ಅರ್ಥವಿಲ್ಲ ಅಂದುಕೊಳ್ಳಬೇಡಿ. ಎಷ್ಟೋ ಸಿಸ್ಟಂಗಳು ವೇಗದಲ್ಲಿರುವಾಗ ಮುಂದೆ ಪೂರ್ತಿ ನಿಂತಿರುವ ಗಾಡಿಯನ್ನು ತಡವಾಗಿ ಗುರುತಿಸುತ್ತವೆ, ಕೆಲವು ಸಲ ಗುರುತಿಸುವುದೇ ಇಲ್ಲ. ರಸ್ತೆ ಬದಿಯ ಬೋರ್ಡು, ಸೇತುವೆ ಎಲ್ಲ ರಾಡಾರಿಗೆ ನಿಂತ ವಸ್ತುಗಳೇ, ಎಲ್ಲದಕ್ಕೂ ಬ್ರೇಕ್ ಹಾಕಿದರೆ ಓಡಿಸಲು ಆಗುವುದಿಲ್ಲ, ಅದಕ್ಕೆ ಅಂಥವನ್ನು ಸೋಸಿ ಬಿಡುತ್ತಾರೆ. ನಿಂತ ಸಾಲು ಕಂಡರೆ ಕಾಯಬೇಡಿ, ನೀವೇ ಬ್ರೇಕ್ ಹಾಕಿ.

ಹಿಂದಿನಸೀಟು:
ಮಗಳ ತಲೆಸುತ್ತಿನ ಬಗ್ಗೆ ಹೇಳುತ್ತೇನೆ, ನನಗೂ ಚಿಕ್ಕಂದಿನಿಂದ ಇದೆ. ಒಳಕಿವಿ ದೇಹ ಅಲುಗಾಡುತ್ತಿದೆ ಅನ್ನುತ್ತದೆ, ಪುಸ್ತಕವನ್ನೋ ಫೋನನ್ನೋ ನೋಡುವ ಕಣ್ಣು ಇಲ್ಲ ಅನ್ನುತ್ತದೆ. ಓಡಿಸುವವರಿಗೆ ಹೀಗಾಗುವುದು ಕಡಿಮೆ, ಮುಂದೆ ಏನಾಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದಲ್ವಾ. ತಿರುವಿನಲ್ಲಿ ಗಮನಿಸಿ, ಡ್ರೈವರ್ ತಲೆ ತಿರುವಿನ ಒಳಗೆ ವಾಲುತ್ತದೆ, ಉಳಿದವರದ್ದು ಹೊರಗೆ.

ನಿಮ್ಮ ಕಾರು ಲೇನಿನ ನಡುವೆ ಆ ಗೆರೆಯಿಂದ ಈ ಗೆರೆಗೆ ಹಾವಿನ ಹಾಗೆ ಹರಿಯುತ್ತದಾ? ಐದಾರು ಸೆಕೆಂಡಿಗೊಮ್ಮೆ ಬರುವ ಆ ನಿಧಾನ ತೂಗಾಟವೇ ಹೊಟ್ಟೆ ತೊಳಸುವುದು. ತಿರುವು ಜಾಸ್ತಿ ಇರುವ ಕಡೆ ಲೇನ್ ಸೆಂಟರಿಂಗ್ ಬಂದ್ ಮಾಡಿ ನೋಡಿ. ಮಗಳನ್ನು ರಸ್ತೆ ಕಾಣುವ ಹಾಗೆ ಹಿಂದಿನ ಸೀಟಿನ ನಡುವೆ ಕೂರಿಸಿ, ಅಲ್ಲಿ ಬೆಲ್ಟ್ ಸರಿಯಾಗಿ ಇದ್ದರೆ ಮಾತ್ರ.

ಪಕ್ಕದಸೀಟು:
ನಾನು ನಿಮ್ಮ ಅಮ್ಮನ ಜಾಗದಲ್ಲಿ ಕೂರುವವಳು. ನನ್ನ ಭಯ ಕಾರಿನದ್ದಲ್ಲ, ನಮ್ಮ ಯಜಮಾನರದ್ದು! ಸಿಸ್ಟಂ ಹಾಕಿದ ಕೂಡಲೇ ಅವರು ಸೀಟಿಗೆ ಒರಗಿ, ಕೈ ತೊಡೆ ಮೇಲಿಟ್ಟು, ಸ್ಕ್ರೀನಿನಲ್ಲಿ ಹಾಡು ಹುಡುಕುತ್ತಿದ್ದರು. ಕಾರು ಮುಂದಿನ ಗಾಡಿಯನ್ನು ನೋಡಿದೆ ಅಂತ ತೋರಿಸುವ ಚಿಕ್ಕ ಚಿತ್ರ ಸ್ಟೇರಿಂಗ್ ಹಿಂದೆ ಇರುತ್ತದೆ, ನನಗೆ ಕಾಣುವುದೇ ಇಲ್ಲ. ಕಾರೂ ನೋಡಿಲ್ಲ, ಇವರೂ ನೋಡಿಲ್ಲ ಅಂದರೆ? ಒಂದು ದಿನ ಬಿಡಿಸಿ ಹೇಳಿದೆ. ಈಗ ಕೈ ಸ್ಟೇರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ. "ಲಾರಿ ನಿಧಾನ ಆಗ್ತಿದೆ, ನೋಡಿದೆ" ಅಂತ ಬಾಯಲ್ಲೂ ಹೇಳುತ್ತಾರೆ. ನನ್ನ ಕಾಲು ಮ್ಯಾಟ್ ಒತ್ತುವುದು ಬಹಳ ಕಡಿಮೆ ಆಗಿದೆ.

ಗೇರ್‌ಬಾಕ್ಸ್:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಕಾರು ಎಷ್ಟು ತಾನೇ ಓಡುತ್ತದೆ ಅಂತ 0ಯಿಂದ 5ರ ತನಕ ಮಟ್ಟ ಗುರುತಿಸುವ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಲೆಕ್ಕದಲ್ಲಿ ಇದು ಲೆವೆಲ್ 2. ಅಂದರೆ ನೋಡಿಕೊಳ್ಳುವ ಜವಾಬ್ದಾರಿ ಪೂರ್ತಿ ಡ್ರೈವರದ್ದೇ.

ದಾರಿಹೋಕ:
ಎರಡು ವಾರ ಆಯಿತು, ಏನಾಯಿತು ಅಂತ ಹೇಳೋಣ ಅಂತ ಬಂದೆ. ಗ್ಯಾಪ್ ದೊಡ್ಡದು ಮಾಡಿದೆ, ಕಾರು ನಿಂತಿದ್ದಾಗ ಅಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಆ ಚಿತ್ರ ಎಲ್ಲಿರುತ್ತದೆ ಅಂತ ತೋರಿಸಿದೆ. ದಾರಿಯಲ್ಲಿ ಈಗ "ಲಾರಿ ಕಂಡಿತಾ?" ಅಂತ ಅವರೇ ಕೇಳುತ್ತಾರೆ. "ಕಂಡಿತು" ಅಂದರೆ ಕಾಲು ಸಡಿಲ. ಮಗಳಿಗೂ ಪರವಾಗಿಲ್ಲ. ಪಕ್ಕದಿಂದ ಯಾರಾದರೂ ನುಗ್ಗಿದರೆ ಮಾತ್ರ ಕೈ ಇನ್ನೂ ಹಿಡಿಕೆಗೆ ಹೋಗುತ್ತದೆ.

ಗೇರ್‌ಬಾಕ್ಸ್:
ಅಲ್ಲಿ ಕಾರು ನಿಜವಾಗಿಯೂ ಹಿಂದೆ. ನುಗ್ಗುವ ಗಾಡಿ ನಮ್ಮ ಲೇನಿಗೆ ಸಾಕಷ್ಟು ಬಂದ ಮೇಲೆಯೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪಕ್ಕದವನ ಮುಂದಿನ ಚಕ್ರ ನಮ್ಮ ಕಡೆ ತಿರುಗಿದ್ದು ಕಂಡ ಕೂಡಲೇ ನೀವೇ ಮೆಲ್ಲಗೆ ಬ್ರೇಕ್ ಮುಟ್ಟಿ. ಕ್ರೂಸ್ ಬಿಟ್ಟುಹೋಗುತ್ತದೆ, ಅವನು ಪೂರ್ತಿ ಬಂದ ಮೇಲೆ ಮತ್ತೆ ಹಾಕಿಕೊಂಡರೆ ಆಯಿತು.